ರೊಟ್ಟಿ ತೆಗೆದುಕೊಳ್ಳುವ ಮೊದಲು

ಜಮಖಂಡಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿ ಇದೆ. ಮನಸ್ತಾಪ ಇದ್ದವರು ಎಲ್ಲರೆದುರು ಕೈ ಹಿಡಿದು ‘ಕ್ಷಮಿಸಿದೆ’ ಎಂದ ಮೇಲೆಯೇ ಆರಾಧನೆಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ತೆಗೆದುಕೊಳ್ಳಬೇಕು. ಹೊಲದ ಬದು ಒತ್ತಿದವರು, ಮಾತು ಬಿಟ್ಟ ಅತ್ತೆ-ಸೊಸೆಯರು ಎಲ್ಲ ಹೀಗೆಯೇ ಒಂದಾಗಿದ್ದಾರೆ. ಮರುವಾರ ಮತ್ತೆ ಜಗಳಾಡಿದ್ದಾರೆ, ಅದು ಬೇರೆ ಮಾತು.

ನನ್ನ ಗಂಡ ಯುವರಾಜ ಹೋದದ್ದು ಕಬ್ಬಿನ ಹಂಗಾಮಿನಲ್ಲಿ. ಹಿಪ್ಪರಗಿ ರಸ್ತೆಯಲ್ಲಿ ಲಗಮಪ್ಪ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿ ಚಹಾ ಕುಡಿಯಲು ಹೋಗಿದ್ದ. ಹಿಂದಿನ ಟ್ರೇಲರಿನ ದೀಪ ಕೆಟ್ಟಿತ್ತು. ಮುಚ್ಚಂಜೆಯಲ್ಲಿ ಯುವರಾಜನ ಬೈಕು ಅದಕ್ಕೆ ಬಡಿಯಿತು. ಲಗಮಪ್ಪನೂ ನಮ್ಮ ಸಭೆಯವನೇ. ಪಾಪ, ದೀಪ ಕೆಟ್ಟದ್ದು ಅವನಿಗೆ ಗೊತ್ತಿರಲಿಲ್ಲ ಎಂದರು ಎಲ್ಲರೂ.

ಅಂದಿನಿಂದ ನಾನು ರೊಟ್ಟಿ ಮುಟ್ಟಿರಲಿಲ್ಲ. ಕಾವೇರಿ ಹಗೆ ಇಟ್ಟುಕೊಂಡಿದ್ದಾಳೆ ಎಂದರು ಜನ. ನನಗೋ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಉಂಡ ಮೇಲೂ ತಿಳಿಯುತ್ತಿರಲಿಲ್ಲ. ಸಿಟ್ಟೇ ಇಲ್ಲದವಳು ಏನನ್ನು ಕ್ಷಮಿಸಬೇಕು? ಬಾಯಿಮಾತಿಗೆ ‘ಕ್ಷಮಿಸಿದೆ’ ಅಂದರೆ ದೇವರ ಮುಂದೆ ಸುಳ್ಳು ಹೇಳಿದ ಹಾಗೆ.

ಸಮುವೇಲ ಪಾಸ್ಟರ್ ಮನೆಗೆ ಬಂದರು. ಅವರು ಕಲ್ಲನ್ನೂ ಮಾತಾಡಿಸುವವರು.

“ತಂಗೆವ್ವಾ, ನಾ ಒತ್ತಾಯ ಮಾಡಂಗಿಲ್ಲ. ದೇವರೂ ಯಾರ ಕೈ ಹಿಡದು ಜಗ್ಗಂಗಿಲ್ಲ, ತಿಳಿಸಿ ಹೇಳತಾನ. ಕ್ಷಮಾ ಅಂದ್ರ ಮನಸಿಗೆ ಅನಸೂದಲ್ಲ, ನಾವು ಮನಸು ಮಾಡೂದು. ಮೊದಲ ಬಾಯಿಲೆ ಅನ್ನು, ಮನಸು ಹಿಂದಿಂದ ಬರತೈತಿ.”

“ಬರಲಿಲ್ಲಂದ್ರ?”

“ಬರತೈತಿ.”

ಒತ್ತಾಯವಿಲ್ಲ, ಒತ್ತಾಯವಿಲ್ಲ ಎನ್ನುತ್ತಲೇ ಅವರು ಮಧ್ಯಾಹ್ನದವರೆಗೆ ಕೂತರು. ಅವರ ಮಾತಿನಲ್ಲಿ ತಪ್ಪು ಹುಡುಕುವ ತ್ರಾಣ ನನ್ನಲ್ಲಿರಲಿಲ್ಲ. “ಆತು ಬಿಡ್ರಿ,” ಎಂದೆ.

ಭಾನುವಾರ ಲಗಮಪ್ಪನನ್ನು ಮುಂದೆ ಕರೆದರು. ನನ್ನ ಕೈ ಎತ್ತಿ ಅವನ ಕೈಯಲ್ಲಿಟ್ಟವರು ಪಾಸ್ಟರೇ. ಅಂಗೈ ಬೆವೆತಿತ್ತು, ಅವನದೋ ನನ್ನದೋ. ಸಭೆಯೆಲ್ಲ ನನ್ನ ಬಾಯಿ ನೋಡುತ್ತಿತ್ತು. ಅದೊಂದು ಮಾತು ಅಂದು ಮುಗಿಸಿ ಮನೆಗೆ ಹೋಗಿ ಮಲಗೋಣ ಎಂದು ಬಾಯಿ ತೆರೆದೆ.

“ಅನ್ನಬ್ಯಾಡ್ರಿ ಅಕ್ಕಾರ,” ಎಂದ ಲಗಮಪ್ಪ. “ದೀಪ ಕೆಟ್ಟಿದ್ದು ನನಗ ಗೊತ್ತಿತ್ರಿ. ಫ್ಯಾಕ್ಟರಿ ಮುಟ್ಟಿದ ಮ್ಯಾಲೆ ನೋಡಿದರಾತು ಅಂತ ಬಿಟ್ನಿ. ಇದನ್ನ ಕೇಳಿದ ಮ್ಯಾಲೆ ಅನ್ನೂದಿದ್ರ ಅನ್ರಿ, ಇಲ್ಲಾಂದ್ರ ಬಿಡ್ರಿ.”

ಕೈ ಕಿತ್ತುಕೊಂಡು ಅವನ ಕೆನ್ನೆಗೆ ಬಾರಿಸಿದೆ. ಅವನು ಅಲ್ಲಾಡಲಿಲ್ಲ. ನಾನು ಅಲ್ಲೇ ಕುಸಿದು ಕೂತು, ಯುವರಾಜ ಸತ್ತ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತೆ.

ಪಾಸ್ಟರ್ ಗಾಬರಿಯಿಂದ ಬಗ್ಗಿದರು. “ಸಮಾಧಾನ ಮಾಡ್ಕೋ ತಂಗೆವ್ವಾ, ಸಿಟ್ಟು ಬಿಡು.”

“ಬಿಡಂಗಿಲ್ರಿ,” ಎಂದೆ. “ಇವತ್ತರ ಇರಲಿ. ಕ್ಷಮಾ ಮಾಡಾಕ ಈಗ ನನ್ನ ಕಡೆ ಏನರ ಐತಿ.”