ಏಕಾದಶಿಯ ಉಪನ್ಯಾಸಕರು

ಮಲ್ಕಾಜ್‌ಗಿರಿಯ ಮಠದಲ್ಲಿ ಜಯತೀರ್ಥರಾಯರ ಉಪನ್ಯಾಸವೆಂದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಇರುವುದಾದರೂ ಹೇಗೆ? ರಕ್ಷಣಾ ಪ್ರಯೋಗಾಲಯದ ವಿಜ್ಞಾನಿ! ಅಂಥವರೇ ಮಡಿ ಉಟ್ಟು, ಮುದ್ರೆ ಹಚ್ಚಿಕೊಂಡು, "ಸಮುದ್ರವನ್ನೇ ಉಕ್ಕಿಸುವ ಚಂದ್ರ ಮೈಯೊಳಗಿನ ನೀರನ್ನು ಬಿಟ್ಟಾನೆಯೇ? ಅದಕ್ಕೇ ನಮ್ಮ ಋಷಿಗಳು ಏಕಾದಶಿಗೆ ನಿರ್ಜಲ ಉಪವಾಸ ಹೇಳಿದರು. ಇಂದಿನ ವಿಜ್ಞಾನ ಈಗ ಕಣ್ಣು ಬಿಡುತ್ತಿದೆ" ಎಂದರೆ ಯಾರು ತಲೆದೂಗುವುದಿಲ್ಲ? ತಾಯಿ ಗೋದಾಬಾಯಿ ಮುಂದಿನ ಸಾಲಿನಲ್ಲಿ ಕೂತು ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ರಾಯರ ಹೆಂಡತಿ ವನಜಾಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತೆಂದು ಡಾಕ್ಟರು ಗಂಡನ ಎದುರಿಗೇ ಹೇಳಿದ್ದರು. ಮೊದಲೆಲ್ಲ ಏಕಾದಶಿಗೆ ಆಕೆ ಹಾಲು ಹಣ್ಣು ತೆಗೆದುಕೊಂಡರೆ ಅತ್ತೆ ಗೊಣಗಿ ಸುಮ್ಮನಾಗುತ್ತಿದ್ದರು. ಮಗನ ಉಪನ್ಯಾಸ ಕೇಳಿದ ಮೇಲೆ ಅದಕ್ಕೂ ಕಲ್ಲು ಬಿತ್ತು. ಮೊದಲೇ ಹಠಮಾರಿ ಮುದುಕಿ, ಈಗ ವಿಜ್ಞಾನವೂ ಬೆನ್ನಿಗೆ ನಿಂತಿತ್ತು ನೋಡಿ!

ಆ ಏಕಾದಶಿಯ ಮಧ್ಯಾಹ್ನ ರಾಯರು ಮಠಕ್ಕೆ ಹೊರಟಿದ್ದರು. ವನಜಾ ಬಾಗಿಲು ಹಿಡಿದು ನಿಂತಳು. ಹಣೆಯ ತುಂಬ ಬೆವರು.

"ಕೈಕಾಲು ನಡಗಲಿಕ್ಕತ್ತಾವ. ಇಂಜೆಕ್ಷನ್ ತೊಗೊಂಡೀನಿ. ಒಂದು ಲೋಟ ಹಾಲು ಕುಡೀತೀನ್ರಿ."

"ಹರಿವಾಸರದಾಗ ಹಾಲ? ಛೀ!" ಗೋದಾಬಾಯಿ ಅಡಿಗೆಮನೆಗೆ ಅಡ್ಡ ನಿಂತರು. "ನಿನ್ನ ಗಂಡನಕಿಂತಾ ಆ ಡಾಕ್ಟರ್ ಭಾಳ ಶಾಣ್ಯಾ ಏನು?"

"ಶಾಸ್ತ್ರದಾಗೂ ರೋಗಿಷ್ಠರಿಗೆ ರಿಯಾಯ್ತಿ ಅದ, ಅತ್ಯಾ." ವನಜಾ ಗಂಡನ ಕಡೆ ತಿರುಗಿದಳು. "ಚಂದ್ರ ಮೈಯಾಗಿನ ನೀರು ಎಷ್ಟು ಎಳೀತಾನ? ನೀವು ಲೆಕ್ಕ ಹಾಕಿ ನೋಡೀರೇನ್ರಿ?"

ನೋಡಿರಲಿಲ್ಲ. ಕಚೇರಿಯಲ್ಲಿ ಒಂದು ಸ್ಕ್ರೂವನ್ನೂ ಪರೀಕ್ಷೆಯಿಲ್ಲದೆ ಒಪ್ಪದ ಮನುಷ್ಯ ಇದನ್ನು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. 'ಹಾಲು ಕುಡಿ' ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂತು. ಆದರೆ ತಾಯಿ ನೋಡುತ್ತಿದ್ದರು, ಹೊರಗೆ ಆಟೋ ಕಾಯುತ್ತಿತ್ತು, ಮಠದಲ್ಲಿ ಜನ ಸೇರಿದ್ದರು. ತನ್ನ ಮಾತನ್ನು ತಾನೇ ನುಂಗಬೇಕೆಂದರೆ ರಾಯರಿಗೆ ನಾಚಿಕೆಯಾಯಿತು.

"ಇವತ್ತೊಂದಿನ ತಡಕೋ. ಮನಸ್ಸು ಗಟ್ಟಿ ಇದ್ರ ಏನೂ ಆಗೂದಿಲ್ಲ" ಎಂದು ಚಪ್ಪಲಿ ಮೆಟ್ಟಿದರು.

ಚಪ್ಪಾಳೆ ಕೇಳಿಕೊಂಡು ಸಂಜೆ ಮನೆಗೆ ಬಂದಾಗ ವನಜಾ ಚಾಪೆಯ ಮೇಲೆ ಬಿದ್ದಿದ್ದಳು. "ಉಪವಾಸದ ದಣಿವು, ಮಲಗಲಿ ಅಂತ ಎಬ್ಬಿಸಲಿಲ್ಲೋ" ಎಂದರು ಗೋದಾಬಾಯಿ. ಅಲುಗಿಸಿದರೆ ಏಳಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

"ಇನ್ಸುಲಿನ್ ತೊಗೊಂಡು ದಿನವಿಡೀ ಏನೂ ತಿಂದಿಲ್ಲವೇ? ನೀವು ಏನು ಕೆಲಸ ಮಾಡ್ತೀರಿ?" ಎಂದರು ಡಾಕ್ಟರು. ವಿಜ್ಞಾನಿ ಎಂದು ಹೇಳಿಕೊಳ್ಳುವ ಬದಲು ರಾಯರಿಗೆ ಆಸ್ಪತ್ರೆಯ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಮಾರನೆಯ ದಿನ ಮನೆ ತುಂಬ ಜನ. ಮಠದ ಮೇಲ್ವಿಚಾರಕ ಹನುಮಂತರಾಯರು ಕೈ ಹಿಡಿದುಕೊಂಡು, "ಏಕಾದಶಿ ಮರಣ! ಎಂಥಾ ಪುಣ್ಯವಂತಿ, ಸೀದಾ ವೈಕುಂಠ! ಮುಂದಿನ ಉಪನ್ಯಾಸದಾಗ ಇದನ್ನ ನೀವು ಹೇಳಲೇಬೇಕ್ರಿ" ಎಂದರು. ಕೂತವರೆಲ್ಲ ಹೌದು ಹೌದೆಂದರು.

ಜಯತೀರ್ಥರಾಯರು ಕೈ ಬಿಡಿಸಿಕೊಂಡು ಎದ್ದು ನಿಂತರು.

"ಅಲ್ಲೀತನಕ ಯಾಕ, ಈಗಲೇ ಹೇಳ್ತೀನಿ ಕೇಳ್ರಿ. ಚಂದ್ರನ ಲೆಕ್ಕ ನಾ ಹಾಕೇ ಇರಲಿಲ್ಲ. ನಿಮ್ಮ ಚಪ್ಪಾಳಿ ಸಲುವಾಗಿ ಹೇಳಿದ್ದು. ಹೆಂಡ್ತಿ ಕೇಳಿದಾಗ ಒಪ್ಕೊಳ್ಳಿಕ್ಕೆ ನಾಚಿಕಿ ಬಂತು. ಆಕಿ ಪುಣ್ಯ ಮಾಡಿ ಹೋಗಲಿಲ್ರಿ. ಮನಿಯಾಗ ಹಾಲಿಟ್ಟುಕೊಂಡು ನಾವು ಆಕಿನ್ನ ಕೊಂದ್ವಿ."

"ಜಯಾ!" ಗೋದಾಬಾಯಿ ಸೆರಗು ಬಾಯಿಗೊತ್ತಿಕೊಂಡರು. "ಮಂದಿ ಮುಂದ ಇದೇನೋ?"

"ಮಂದಿ ಮುಂದನೇ ಹೇಳಬೇಕವ್ವಾ. ಸುಳ್ಳು ಹೇಳಿದ್ದೂ ಮಂದಿ ಮುಂದನೇ."