ಅನುಮಾನದ ಮಹದೇವಿ

ಯಾರೇ ಚಹಾ ತಂದುಕೊಡಲಿ, ಮಹದೇವಿ ಲೋಟವನ್ನು ಮೊದಲು ಮೂಸುತ್ತಿದ್ದಳು. ಒಂದು ಗುಟುಕನ್ನು ಬಾಯೊಳಗೆ ನಿಲ್ಲಿಸಿಕೊಂಡು, ಏನನ್ನೋ ಆಲಿಸುವವಳಂತೆ ಸುಮ್ಮನಿದ್ದು, ಅನಂತರವೇ ನುಂಗುತ್ತಿದ್ದಳು. ಕೊಟ್ಟವರ ಮೇಲಿನ ಅಪನಂಬಿಕೆಯಲ್ಲ ಅದು. ಗುರುತಿಲ್ಲದ ಹಣ್ಣನ್ನು ನಾಲಿಗೆಯ ತುದಿಗಷ್ಟೇ ಮುಟ್ಟಿಸಿ ಕಾಯಬೇಕೆಂದು ಅವ್ವ ಕಲಿಸಿದ್ದನ್ನು, ಬಿಳಿಗಿರಿರಂಗನ ಬೆಟ್ಟದ ಕಾಡೊಳಗಿನ ಪುಟ್ಟ ಹಾಡಿಯಾದ ಪೋಡಿನಿಂದಿಳಿದು ಯಳಂದೂರಿನಲ್ಲಿ ಓದಿ, ಕಂಪ್ಯೂಟರ್ ಪದವಿ ಪಡೆದು ಹನೂರಿನ ನಮ್ಮ ಕಚೇರಿಗೆ ಬಂದು ಕುಳಿತ ಮೇಲೂ ಆ ಸೋಲಿಗರ ಹೆಣ್ಣುಮಗಳು ಬಿಟ್ಟಿರಲಿಲ್ಲ. ಚೈತ್ರದ ಬಿಸಿಲಲ್ಲೂ ಕಳಚದ, ತೋಳು ಮಡಿಸಿದ ಖಾಕಿ ಸ್ವೆಟರು. ಬಿರಬಿರನೆ ನಡೆದುಬಂದು ಹೊಸ್ತಿಲಲ್ಲಿ ತಟ್ಟನೆ ನಿಲ್ಲುವ ಕಾಲು. ಯಾವ ಮಾತಿಗೂ ಮೊದಲು 'ಇರಿ ಸಾ, ನೋಡಮ' ಎಂಬ ತಡೆ. ಬೆನ್ನ ಹಿಂದೆ ನಾವು ಆಕೆಯನ್ನು ಅನುಮಾನದ ಮಹದೇವಿ ಎನ್ನುತ್ತಿದ್ದೆವು.

ಆನೆ ಕಾಡಿನಂಚು ದಾಟಿದರೆ ರಾಮಾಪುರದ ಸುತ್ತಿನ ಹೊಲ ಕಾಯುವವರ ಫೋನುಗಳಿಗೆ ಎಚ್ಚರಿಕೆಯ ಕರೆ, ಅದು ಮರಳಿದರೆ ಭಯವಿಲ್ಲವೆಂಬ ಕರೆ ಕಳಿಸುವುದು ನಮ್ಮ ಪುಟ್ಟ ಸಂಸ್ಥೆಯ ಕೆಲಸ. ಕೊಳ್ಳೇಗಾಲದಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಆ ಕರೆಗಳ ವಾಕ್ಯಗಳನ್ನು ಬರೆದುಕೊಟ್ಟವನು. ಕಾಡಿನ ಕ್ಯಾಮರಾಗಳ ಚಿತ್ರಗಳನ್ನು ನೋಡಿ ಕರೆ ಹೊರಡಿಸುವ ಕಂಪ್ಯೂಟರ್ ಕೋಡನ್ನು ಬರೆಯುತ್ತಿದ್ದುದು ಎಐ ಏಜೆಂಟ್, ಎಂದರೆ ಹೇಳಿದ ಕೆಲಸಕ್ಕೆ ತಾನೇ ಕೋಡು ಬರೆದು ತಾನೇ ಓಡಿಸಬಲ್ಲ ತಂತ್ರಾಂಶ. ಆದರೆ ಅದು ಬರೆದ ಒಂದು ಸಾಲನ್ನೂ ಮಹದೇವಿ ನೇರವಾಗಿ ನಮ್ಮ ಯಂತ್ರದಲ್ಲಿ ಓಡಗೊಡುತ್ತಿರಲಿಲ್ಲ. ಎಲ್ಲೋ ದೂರದ ಕಂಪ್ಯೂಟರಿನಲ್ಲಿ, ಓಡಿದಷ್ಟು ಹೊತ್ತಿಗೆ ಮಾತ್ರ ಬಾಡಿಗೆ ತೆತ್ತು, ಸ್ಯಾಂಡ್‌ಬಾಕ್ಸ್ ಎಂಬ ಮುಚ್ಚಿದ ಕೋಣೆಯೊಂದನ್ನು ತೆರೆಸುತ್ತಿದ್ದಳು. ಕೋಡು ಅಲ್ಲಿ ಏನು ಅನಾಹುತ ಮಾಡಿಕೊಂಡರೂ ಹೊರಗೆ ಸುಳಿಯದು. ಕೆಲಸ ಮುಗಿದೊಡನೆ ಆ ಕೋಣೆಯೇ ಅಳಿದುಹೋಗುವುದು. "ಅನುಮಾನಕ್ಕೂ ಬಾಡಿಗೆ ಕಟ್ಟೋಳು ನೀನೊಬ್ಳೆ ಕಣವ್ವ" ಎಂದು ಕಾರ್ಯದರ್ಶಿ ಶಿವಕುಮಾರಸ್ವಾಮಿ ಗೊಣಗುತ್ತಿದ್ದರು.

ರಾಗಿ ತೆನೆ ಬಲಿತ ಕಾರ್ತಿಕದ ಒಂದು ಸಂಜೆ ನಮ್ಮ ವ್ಯವಸ್ಥೆ ಕುರುಡಾಯಿತು. ಕ್ಯಾಮರಾಗಳಿಗೆ ಬಂದ ಹೊಸ ತಂತ್ರಾಂಶ ಚಿತ್ರ ಕಳಿಸುವ ಬಗೆಯನ್ನೇ ಬದಲಿಸಿತ್ತು. ನಮ್ಮ ಹಳೆಯ ಕೋಡಿಗೆ ಒಂದು ಚಿತ್ರವೂ ತಿಳಿಯದು. ಅದೇ ಹೊತ್ತಿಗೆ ಕಾಡು ಕಾಯುವವನೊಬ್ಬ ಫೋನ್ ಮಾಡಿ, ಹಿಂಡು ರಾಮಾಪುರದ ಕಡೆಗೆ ಇಳಿಯುತ್ತಿದೆ ಎಂದ. ಏಜೆಂಟ್ ರೆಪ್ಪೆ ಬಡಿಯುವಷ್ಟರಲ್ಲಿ ಹೊಸ ಕೋಡು ಬರೆದಿಟ್ಟಿತು.

"ಬುಡವ್ವ ಅದ್ನ. ಜನ ಒಲದಲ್ಲವ್ರೆ" ಎಂದರು ಶಿವಕುಮಾರಸ್ವಾಮಿ.

"ಇರಿ ಸಾ. ಒಳಗೊಂದ್ಸಲ ಓಡ್ಲಿ."

"ಅದು ಓಡಿ ಮುಗ್ಯೋಗಂಟ ಆನೆ ಕಾಯ್ತದಾ?"

ಮಹದೇವಿ ಆ ಸಂಜೆಯ ಚಿತ್ರಗಳನ್ನು ಕೊಟ್ಟು ಕೋಡನ್ನು ಸ್ಯಾಂಡ್‌ಬಾಕ್ಸಿನಲ್ಲಿ ಓಡಲು ಬಿಟ್ಟವಳೇ, ಊರವರ ನಂಬರುಗಳಲ್ಲಿ ಅರ್ಧವನ್ನು ನನ್ನ ಕಡೆ ತಳ್ಳಿ, ತಾನೂ ಫೋನ್ ಹಿಡಿದಳು. ಕೆಲವರು ಎತ್ತಿದರು, ಕೆಲವರ ಫೋನು ಸತ್ತಿತ್ತು, ಕೆಲವು ಸುಮ್ಮನೆ ಬಡಿದುಕೊಂಡು ನಿಂತವು. ಶಿವಕುಮಾರಸ್ವಾಮಿ ತಾಳಲಾರದೆ ಕೀಬೋರ್ಡಿನತ್ತ ಕೈಚಾಚಿದಾಗ, ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಮಹದೇವಿ ಅದರ ಮೇಲೆ ಅಂಗೈ ಇಟ್ಟಳು. ಆ ಅಂಗೈ ಸರಿಯಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಫಲಿತಾಂಶ ಮೂಡಿತು. ಹೊಸ ಕೋಡು ತನಗೆ ಬಿಚ್ಚಲಾಗದ ಚಿತ್ರಗಳನ್ನೆಲ್ಲ ಆನೆಯಿಲ್ಲದ ಚಿತ್ರಗಳೆಂದು ಎಣಿಸಿ, ಹಿಂಡು ಹಿಂದಿರುಗಿತೆಂದು ತೀರ್ಮಾನಿಸಿ, ಎಲ್ಲ ಊರುಗಳಿಗೂ ಕರೆ ಸಿದ್ಧಪಡಿಸಿತ್ತು. ಹೊರಸಂಪರ್ಕವಿಲ್ಲದ ಆ ಕೋಣೆಯಿಂದ ಕರೆ ಹೊರಡಲಾರದೆ ಬರೀ ಅಕ್ಷರವಾಗಿ ನಿಂತಿತ್ತು: 'ಆನೆಗಳು ಕಾಡಿಗೆ ಮರಳಿವೆ. ನಿರ್ಭಯವಾಗಿ ಹೊರಬನ್ನಿ.'

ಅದು ನನ್ನ ವಾಕ್ಯ. 'ನಿರ್ಭಯವಾಗಿ' ಎಂಬ ಪದವನ್ನು ಹುಡುಕಿ ಇಟ್ಟವನು ನಾನೇ. ಶಿವಕುಮಾರಸ್ವಾಮಿ ಕುರ್ಚಿ ಎಳೆದುಕೊಂಡು, ತಾವೂ ಫೋನ್ ಕೈಗೆತ್ತಿಕೊಂಡರು.

ಮಹದೇವಿ ತಪ್ಪನ್ನು ತಿಳಿಸಿ ಏಜೆಂಟಿನಿಂದ ಕೋಡು ತಿದ್ದಿಸಿ, ಮತ್ತೊಮ್ಮೆ ಒಳಗೆ ಓಡಿಸಿ ನೋಡಿ, ಆಮೇಲೆ ನಮ್ಮ ಯಂತ್ರಕ್ಕೆ ಬಿಟ್ಟಳು. ಸರಿಯಾದ ಎಚ್ಚರಿಕೆ ಹೊರಟಿತು. ಅಷ್ಟು ಹೊತ್ತಿಗಾಗಲೇ, ನಮ್ಮ ಕರೆಯ ಸರದಿ ಇನ್ನೂ ಬಾರದಿದ್ದ ದೊಡ್ಡಮಾದಯ್ಯ ಎಂಬ ರೈತ, ರಾಗಿ ಹೊಲದಲ್ಲಿ ಹಿಂಡಿಗೆ ಎದುರಾಗಿ, ಓಡುವ ಭರದಲ್ಲಿ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದ.

ಮರುದಿನ ಕಾಮಗೆರೆಯ ಆಸ್ಪತ್ರೆಗೆ ಹೋದೆವು. "ನಿನ್ ಮಿಸಿನ್ನು ಇನ್ನೊಂಚೂರು ಬಿರ್ನೆ ಕೂಗಿದ್ರೆ ನಾನು ಬೀಳ್ತಿರ್ನಿಲ್ಲ ಕಣವ್ವ" ಎಂದ ಆತ, ಕೋಪವಿಲ್ಲದೆ.

"ಅವ್ದು ಕಣಣ್ಣ. ತಡಾಯ್ತು."

ನಡೆದದ್ದನ್ನು ವಿವರಿಸಲು ನಾನು ಬಾಯಿ ತೆರೆದೆ. ಆಕೆ ನನ್ನ ತೋಳು ಮುಟ್ಟಿ ತಡೆದಳು. ಹೊರಗೆ ಬಂದ ಮೇಲೆ ಹೇಳಿದಳು: "ಕಾಲ್ ಮುರ್ದೋರ್ಗೆ ಅದ್ನೆಲ್ಲ ಯಾಕೇಳೀರಿ ಸಾ. ತಡ ಆಗಿದ್ದು ಸುಳ್ಳಾ?"

ದುಡುಕಿ ಗೆದ್ದವರಿಗೆ ಸಾಕ್ಷಿಗಳುಂಟು, ಹಾರಗಳುಂಟು. ತಡೆದು ನೋಡುವವರ ಪಾಲಿಗೆ ಬರುವುದು ತಡವಾಯಿತೆಂಬ ದೂರು ಮಾತ್ರ. ತಪ್ಪಿಸಲಾಗದ ಕೇಡು ಹೆಸರು ಹೊತ್ತು ಅವರೆದುರು ಮಂಚದ ಮೇಲೆ ಮಲಗಿರುತ್ತದೆ. ತಪ್ಪಿಸಿದ ಕೇಡಿಗೆ ಹೆಸರೂ ಇಲ್ಲ, ಮುಖವೂ ಇಲ್ಲ. ಇಂಥವರಿರುವ ಊರಿನ ಜನ ಬೆಳಗ್ಗೆ ಎದ್ದು, ಏನೂ ಆಗಲಿಲ್ಲ ಎನ್ನುತ್ತಾ ಹೊಲಕ್ಕೆ ಹೋಗುತ್ತಾರೆ. ಏನೂ ಆಗದಂತೆ ಯಾರೋ ನೋಡಿಕೊಂಡರು ಎನ್ನುವ ವಾಕ್ಯವನ್ನು ಯಾರೂ ಆಡುವುದಿಲ್ಲ. ಅದನ್ನು ಕೇಳಬೇಕೆಂದು ಇಂಥವರು ಕಾದು ಕೂರುವುದೂ ಇಲ್ಲ.