ಕಾಂಟೆಸ್ಸಾದ ಹೀಟರು

ಕೆಂಪರಾಜನಿಗೆ ಹೆಂಡತಿಗಿಂತ ಕಾಂಟೆಸ್ಸಾ ಮೇಲೆ ಪ್ರೀತಿ ಹೆಚ್ಚು ಎಂದು ಮಹದೇವಪುರದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಯಮುನಾ ಅದಕ್ಕೆ ನಕ್ಕು ಸುಮ್ಮನಾಗುತ್ತಿದ್ದಳು. ಕಾರು ಎಷ್ಟೇ ಚೆಂದವಿದ್ದರೂ ಸವತಿಯಾಗಿ ಬಂದು ಅಡುಗೆಮನೆ ಕೇಳುವುದಿಲ್ಲವಲ್ಲ! ಆದರೆ 2003ರ ಮಳೆಗಾಲದಲ್ಲಿ ಆ ಕಾರಿನೊಳಗೆ ಒಂದು ಸಿಹಿ ವಾಸನೆ ಹುಟ್ಟಿಕೊಂಡಾಗ ಅವಳ ಎದೆ ಧಸಕ್ಕೆಂದಿತು.

ಕಾರು ಹಳೆಯದು, ಎಂಜಿನ್ ಮಾತ್ರ ಜಪಾನಿನದು. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ ಆ ಎಂಜಿನ್ನನ್ನು ಎರಡು ವರ್ಷದ ಹಿಂದೆ ಮೆಕ್ಯಾನಿಕ್ ಜಿಯಾವುಲ್ಲಾ ಕೂರಿಸಿಕೊಟ್ಟಿದ್ದ. ಅಂದಿನಿಂದ ಕೆಂಪರಾಜನಿಗೆ ‘ಟ್ರಯಲ್’ ಎಂಬ ರೋಗ ಅಂಟಿತ್ತು. ಅಪ್ಪನ ರಾಗಿ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು, ಕೆಲಸವೆಂದರೆ ಕೂತು ಉಣ್ಣುವುದು. ಸಂಜೆಯಾದರೆ ‘ಎಂಜಿನ್ ಟ್ರಯಲ್ ನೋಡ್ಬರ್ತೀನಿ’ ಎಂದು ಹೊರಟುಬಿಡುತ್ತಿದ್ದ. ಎರಡು ವರ್ಷವಾದರೂ ಮುಗಿಯದ ಅದೆಂಥ ಟ್ರಯಲ್ಲೋ, ಆ ಮುನೇಶ್ವರನೇ ಬಲ್ಲ.

ಅನುಮಾನ ಒಂದೇ ಬಾರಿಗೆ ಬರಲಿಲ್ಲ. ಮೊದಲು ವಾಸನೆ. ಆಮೇಲೆ ಒಂದು ರಾತ್ರಿ ಅವನು ಬಂದಾಗ ಗಾಜುಗಳಿಗೆಲ್ಲ ಒಳಗಿನಿಂದ ಮಂಜು ಹಿಡಿದಿತ್ತು, ಇಬ್ಬರು ಕೂತು ಬಹಳ ಹೊತ್ತು ಮಾತಾಡಿದರೆ ಹಿಡಿಯುತ್ತದಲ್ಲ, ಹಾಗೆ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ತನಕ ಬಿಡಿ ಎಂದು ಯಮುನಾ ಹತ್ತಿ ಕೂತ ದಿನ ಎಡಗಡೆಯ ಸೀಟು ಹಿಂದಕ್ಕೆ ಮಲಗಿತ್ತು. ಅವಳು ಯಾವತ್ತೂ ಹಾಗೆ ಕೂತವಳಲ್ಲ. ಕಾಲಡಿಯ ಮ್ಯಾಟು ಒದ್ದೆಯಾಗಿತ್ತು, ಮಳೆಯಲ್ಲಿ ಯಾರೋ ಹತ್ತಿದಂತೆ.

“ಯಾರ್ರೀ ಅದು?” ಎಂದು ಅವಳು ಅಂದೇ ಕೇಳಿದಳು.

ಕೆಂಪರಾಜ ಕೂಗಾಡಿದ, ತಟ್ಟೆ ತಳ್ಳಿದ, ಉಣ್ಣದೆ ಮಲಗಿದ. ಉತ್ತರ ಬಂದದ್ದು ಮರುದಿನ, ಶಿವಾಜಿನಗರಕ್ಕೆ ಹೋಗಿ ಬಂದ ಮೇಲೆ. ಬರುವಾಗ ಕೈಯಲ್ಲಿ ಹಸಿರು ನೀರಿನ ಒಂದು ಬಾಟಲಿಯೂ ಇತ್ತು.

“ಮೂಸಿ ನೋಡು. ಕೂಲೆಂಟು ಕಣೇ ಇದು, ಎಂಜಿನ್ ತಣ್ಣಗಿಡೋ ನೀರು,” ಎಂದ. “ಎಂಜಿನ್ನಿಂದ ಎರಡು ಪೈಪಲ್ಲಿ ಈ ಬಿಸಿನೀರು ಡ್ಯಾಶ್‌ಬೋರ್ಡ್ ಕೆಳಗಿರೋ ಹೀಟರ್‌ಗೆ ಬಂದು ವಾಪಸ್ ಹೋಗುತ್ತೆ. ಆ ಹೀಟರ್ ತೂತಾಗಿದೆ. ಅದಕ್ಕೇ ಸಿಹಿ ವಾಸ್ನೆ, ಅದಕ್ಕೇ ಮ್ಯಾಟ್ ಒದ್ದೆ, ಆವಿ ಎಲ್ಲ ಗ್ಲಾಸಿಗೆ ಹತ್ಕೊಳ್ಳುತ್ತೆ. ಜಿಯಾ ಸೀಟ್ ಮಲಗಿಸ್ಕೊಂಡೇ ಕೆಳಗೆ ನೋಡಿದ್ದು. ನಾಳೆ ಎರಡೂ ಪೈಪ್ ಬ್ಲಾಕ್ ಮಾಡ್ತಾನಂತೆ. ಬೆಂಗ್ಳೂರಲ್ಲಿ ಹೀಟರ್ ಯಾರಿಗೆ ಬೇಕು?”

ಯಮುನಾ ಮೂಸಿದಳು. ಸಿಹಿಯೇನೋ ಹೌದು, ಕೆಮ್ಮಿನ ಔಷಧಿಯ ಸಿಹಿ. ಕಾರಿನಲ್ಲಿದ್ದ ವಾಸನೆ ಬೇರೆಯಿತ್ತು ಎಂದು ಮೂಗು ಹೇಳಿತು. ಆದರೆ ನಂಬಬೇಕೆಂದು ಹಂಬಲಿಸುವವರು ಮೂಗಿನ ಮಾತು ಕೇಳುತ್ತಾರೆಯೇ? ಸಿಹಿ ಎಂದರೆ ಸಿಹಿಯೇ ಎಂದುಕೊಂಡು ಅವಳು ಅತ್ತುಬಿಟ್ಟಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅತ್ತೆ ಚಿಕ್ಕಮುನಿಯಮ್ಮ ಸುಮ್ಮನೆ ಬಿಡುವವರಲ್ಲ. “ಚಿನ್ನದಂಥ ಗಂಡನ ಮೇಲೆ ಹಾದರ ಹೊರಿಸ್ದೆ. ಬಾಯಲ್ಲಿ ತಪ್ಪಾಯ್ತು ಅಂದ್ರೆ ಸಾಲ್ದು, ತಪ್ಪುಕಾಣಿಕೆ ಕಟ್ಟು,” ಎಂದರು. ಯಮುನಾ ತಲೆಗೆ ನೀರು ಹುಯ್ದುಕೊಂಡು, ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ, ಕೆನ್ನೆ ಬಡಿದುಕೊಂಡು ಮುನೇಶ್ವರನ ಪಟದ ಮುಂದಿಟ್ಟಳು. ಸೋಮವಾರ ಗುಡಿಗೆ ಹೋಗಿ ಹುಂಡಿಗೆ ಹಾಕುವುದೆಂದಾಯಿತು.

ಪೈಪು ಬ್ಲಾಕಾಯಿತು ಎಂದು ಕೆಂಪರಾಜ ಹೇಳಿದ. ವಾಸನೆಯೂ ಹೋಯಿತು. ಕಾರನ್ನು ಒಳಗೂ ಹೊರಗೂ ತೊಳೆಸಿದ್ದ, ಟ್ರಯಲ್ಲಿಗೂ ಹೋಗುತ್ತಿರಲಿಲ್ಲ. ಯಮುನಾಳಿಗೆ ಜಿಯಾವುಲ್ಲಾನ ಋಣ ತೀರಿಸಬೇಕೆನ್ನಿಸಿತು. ಶನಿವಾರ ಕಜ್ಜಾಯ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋದಳು. ಗಂಡ ಆಯಿಲ್ ಬದಲಿಸಲು ಬಿಟ್ಟಿದ್ದ ಕಾಂಟೆಸ್ಸಾ ಗ್ಯಾರೇಜಿನ ಮುಂದೆ ಬಾನೆಟ್ ತೆರೆದು ನಿಂತಿತ್ತು.

“ಅರೆ ಭಾಬಿ! ನೀವ್ಯಾಕೆ ಬಂದ್ರಿ?” ಜಿಯಾವುಲ್ಲಾ ಕೈ ಒರೆಸಿಕೊಳ್ಳುತ್ತಾ ಎದ್ದ. ಪ್ರತಿ ಗೌರಿ ಹಬ್ಬಕ್ಕೂ ಅವಳ ಮನೆಯಲ್ಲಿ ಉಂಡವನು ಅವನು. ಅಂದು ಮಾತ್ರ ಅವಳನ್ನು ಕಂಡು ಮುಖ ಹುಳ್ಳಗಾಯಿತು.

“ನಮ್ ಸಂಸಾರ ಉಳಿಸಿದ್ದೀರ, ಬಾಯಿ ಸಿಹಿ ಮಾಡೋಣ ಅಂತ,” ಎಂದು ಯಮುನಾ ನಕ್ಕಳು. “ನೀವು ಬ್ಲಾಕ್ ಮಾಡಿದ್ದು ಎಲ್ಲಿ? ಸ್ವಲ್ಪ ತೋರಿಸಿ. ಅತ್ತೆಗೆ ಹೇಳ್ಬೇಕು.”

“ಅದೇನ್ ನೋಡ್ತೀರಾ ಭಾಬಿ, ಎಲ್ಲಾ ಗ್ರೀಸು.”

“ಪರವಾಗಿಲ್ಲ.”

ಅವನು ಬೇರೆ ದಾರಿಯಿಲ್ಲದೆ ಬೆರಳು ತೋರಿಸಿದ. ಎಂಜಿನ್ನಿನ ಹಿಂಬದಿಯಲ್ಲಿ ಎರಡು ಪೈಪಿನ ಮೂತಿ. ಒಂದೊಂದಕ್ಕೂ ಗೇಣಿಗಿಂತ ಚಿಕ್ಕ ರಬ್ಬರ್ ತುಂಡು, ಅದರ ತುದಿಗೆ ದಪ್ಪ ಬೋಲ್ಟ್ ತುರುಕಿ ಕಬ್ಬಿಣದ ಪಟ್ಟಿಯ ಕ್ಲಾಂಪಿನಿಂದ ಬಿಗಿದಿತ್ತು. “ಹೋದ ವಾರ ನಾನೇ ಬಿಗಿದಿದ್ದು. ಇನ್ನು ಒಳಗಡೆ ಒಂದು ತೊಟ್ಟು ನೀರು ಹೋಗಲ್ಲ,” ಎಂದ.

ಯಮುನಾ ಬಗ್ಗಿದಳು. ರಬ್ಬರಿನ ಮೇಲೆ ಮಹದೇವಪುರದ ಕೆಮ್ಮಣ್ಣು ಎಣ್ಣೆಯ ಜೊತೆ ಬೆರೆತು ರೊಟ್ಟಿಯಂತೆ ಗಟ್ಟಿಯಾಗಿತ್ತು. ಸೆರಗಿನ ತುದಿಯಿಂದ ಒರೆಸಿದಳು. ಕ್ಲಾಂಪಿನ ಸ್ಕ್ರೂ ತುಕ್ಕು ಹಿಡಿದಿತ್ತು, ಅದರ ಸೀಳಿನೊಳಗೂ ತುಕ್ಕು ತುಂಬಿತ್ತು. ಮನೆಯಲ್ಲಿ ಕುಕ್ಕರಿನ ಹಿಡಿ ಬಿಗಿಮಾಡುವವಳು ಅವಳೇ. ತುಕ್ಕಿನ ಸ್ಕ್ರೂಗೆ ಒಂದು ಸಲ ಸ್ಕ್ರೂಡ್ರೈವರ್ ತಾಗಿಸಿದರೂ ಬೆಳ್ಳಗೆ ಗೀರು ಬೀಳುತ್ತದೆ. ಇಲ್ಲಿ ಗೀರೇ ಇರಲಿಲ್ಲ.

“ಇದು ಹೋದ ವಾರದ್ದಲ್ಲ,” ಎಂದಳು.

“ಹಳೇ ಕ್ಲಾಂಪು ಭಾಬಿ. ಗುಜರೀದು.”

“ಮಣ್ಣೂ ಗುಜರೀದಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಜಿಯಾವುಲ್ಲಾ ಅದನ್ನೂ ಮಾಡಲಿಲ್ಲ, ನೆಲ ನೋಡುತ್ತಾ ನಿಂತ. ಎಂಜಿನ್ ಕೂರಿಸಿದ ದಿನವೇ ಈ ಪೈಪುಗಳ ಬಾಯಿ ಕಟ್ಟಿತ್ತು. ಎರಡು ವರ್ಷದಿಂದ ಆ ಕಾರಿನೊಳಗೆ ಬಿಸಿನೀರೇ ಹೋಗಿಲ್ಲ. ಹಾಗಾದರೆ ಗಾಜಿಗೆ ಹಿಡಿದದ್ದು ಯಾರ ಉಸಿರು?

ಅವಳು ಡಬ್ಬಿ ಮುಂದೆ ಚಾಚಿದಳು. ಅವನು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡ.

“ಬೇಡ ಭಾಬಿ. ಅದು ನನ್ ಗಂಟಲಲ್ಲಿ ಇಳಿಯಲ್ಲ. ರಾಜಣ್ಣ ಹೀಗೇ ಹೇಳು ಅಂತ ಕೈ ಹಿಡ್ಕೊಂಡು ಕೇಳಿದ್ರು, ಇಲ್ಲ ಅನ್ನೋಕಾಗ್ಲಿಲ್ಲ.”

ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಯಮುನಾಳಿಗೆ ಅಳು ಬರಲಿಲ್ಲ. ಗಂಡ ಮೋಸ ಮಾಡಿದ್ದಕ್ಕಿಂತ, ತನ್ನ ಕೈಯಿಂದಲೇ ದೇವರ ಮುಂದೆ ಕೆನ್ನೆ ಬಡಿಸಿದ್ದು ಹೆಚ್ಚು ಉರಿಯಿತು. ಅವಳು ಅರಿಸಿನದ ಬಟ್ಟೆ ಕಟ್ಟುವಾಗ ಅವನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ.

ಸಂಜೆ ಕಾರು ಬಂದು ನಿಂತಿತು. ಚಿಕ್ಕಮುನಿಯಮ್ಮ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಯಮುನಾ ದೇವರ ಗೂಡಿನಿಂದ ಆ ಗಂಟು ತಂದು ಗಂಡನ ಮುಂದೆ ಹಿಡಿದಳು.

“ಇದು ನನ್ದಲ್ಲ. ಸೋಮವಾರ ನೀವೇ ಹಾಕ್ಬನ್ನಿ.”

“ಏನೇ ಇದು ಹೊಸ ನಾಟಕ?”

“ಶಿವಾಜಿನಗರಕ್ಕೆ ಹೋಗಿದ್ದೆ. ಬಾನೆಟ್ ತೆಗ್ದಿತ್ತು. ಆ ಪೈಪ್ ಎರಡು ವರ್ಷದ ಹಿಂದೇನೇ ಬ್ಲಾಕಾಗಿದೆ. ಸ್ಕ್ರೂಗೆ ತುಕ್ಕು ಹಿಡಿದಿದೆ.”

ಮರುದಿನ ಓಡಿಹೋಗಿ ಉತ್ತರ ತರಲು ಈ ಸಲ ಶಿವಾಜಿನಗರದ ಬಾಗಿಲು ಮುಚ್ಚಿತ್ತು. ಕೆಂಪರಾಜ ತಾಯಿಯ ಕಡೆ ನೋಡಿದ.

ಚಿಕ್ಕಮುನಿಯಮ್ಮ ಮಗನ ಮುಖ ನೋಡಿದರು. ಆಮೇಲೆ ಮೊರ ಪಕ್ಕಕ್ಕಿಟ್ಟು, ಕೈ ಕೊಡವಿಕೊಂಡು ಎದ್ದರು.

“ಇಸ್ಕೊಳ್ಳೋ,” ಎಂದರು.